'ಮಗು ಅಡ್ಡ ಬಂದಿತು' ಎಂಬ ಮಾತು

ರಸ್ತೆಯಲ್ಲಿ ಮಗುವೊಂದು ವಾಹನಕ್ಕೆ ಸಿಲುಕಿದಾಗ ನೆರೆದವರ ಬಾಯಿಂದ ಮೊದಲು ಹೊರಡುವುದು 'ಮಗು ಅಡ್ಡ ಬಂದಿತು' ಎಂಬ ಮಾತು. ವೈದ್ಯರಾಗಿ ನಾವು ಇದನ್ನು ಒಪ್ಪಲಾರೆವು. ಸುಮಾರು ಹತ್ತು ವರ್ಷದವರೆಗೆ ಬಹುಪಾಲು ಮಕ್ಕಳಲ್ಲಿ, ಎದುರು ಬರುವ ವಾಹನದ ವೇಗವನ್ನೂ ದೂರವನ್ನೂ ಒಟ್ಟಿಗೆ ಅಳೆಯುವ ಶಕ್ತಿ ಬಲಿತಿರುವುದಿಲ್ಲ. ನಿಂತ ವಾಹನದ ಮರೆಯಲ್ಲಿ ಅವರಿಗೆ ರಸ್ತೆ ಕಾಣದು; ಚಾಲಕನಿಗೆ ಅವರು ಕಾಣರು. ಶಿರಸ್ಸು, ಹೃದಯ, ಬಸ್ತಿ ಇವು ಮೂರು ಪ್ರಧಾನ ಮರ್ಮಗಳೆಂದು ಚರಕ ಸಂಹಿತೆ ಹೇಳುತ್ತದೆ. ಲಾರಿ, ಜೀಪುಗಳ ಮುಂಭಾಗ ಚಿಕ್ಕ ಮಗುವಿಗೆ ತಗಲುವುದು ಕಾಲಿಗಲ್ಲ, ಈ ಮರ್ಮಗಳಿಗೇ.

ನಿದಾನ ಪರಿವರ್ಜನ, ಅಂದರೆ ರೋಗದ ಕಾರಣವನ್ನೇ ದೂರ ಮಾಡುವುದು, ಆಯುರ್ವೇದದ ಮೊದಲ ಚಿಕಿತ್ಸೆ. ಇಲ್ಲಿಯ ಮುಖ್ಯ ಕಾರಣ ವೇಗ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನವು, ಚಾಲಕ ಮಗುವನ್ನು ಕಂಡು ಬ್ರೇಕ್ ಒತ್ತುವ ಒಂದು ಸೆಕೆಂಡಿನಲ್ಲಿಯೇ ಸುಮಾರು 17 ಮೀಟರ್ ಕ್ರಮಿಸಿರುತ್ತದೆ. ವೇಗ 30 ಇದ್ದರೆ ಸುಮಾರು 8 ಮೀಟರ್.

ಈ ಕಾರಣವನ್ನು ದೂರ ಮಾಡಲು ಜನರೇ ಎದ್ದು ನಿಂತ ನಿದರ್ಶನ ನೆದರ್‌ಲ್ಯಾಂಡ್ಸ್ ದೇಶದ್ದು. 1971ರಲ್ಲಿ ಅಲ್ಲಿಯ ರಸ್ತೆಗಳಲ್ಲಿ ಮಡಿದವರು ಸುಮಾರು 3,300 ಮಂದಿ. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹೋಫ್ 1972ರಲ್ಲಿ ಬರೆದ ಲೇಖನದಿಂದ 'ಶಿಶುಹತ್ಯೆ ನಿಲ್ಲಿಸಿ' ಎಂಬ ಚಳವಳಿ ಹುಟ್ಟಿತು. ಹೆತ್ತವರು ಬೀದಿಗಿಳಿದರು. ಡೆಲ್ಫ್ಟ್ ನಗರದಲ್ಲಿ ವಾಹನಗಳು ನಡಿಗೆಯ ವೇಗಕ್ಕೆ ಇಳಿಯುವಂತೆ ವಸತಿ ಬೀದಿಗಳನ್ನು ಮಾರ್ಪಡಿಸಲಾಯಿತು. 1976ರಲ್ಲಿ ಅಂತಹ ಬೀದಿಗಳಿಗೆ ಕಾನೂನಿನ ಮನ್ನಣೆಯೂ ದೊರೆಯಿತು. ಮಕ್ಕಳಿಗೆ ಬುದ್ಧಿ ಹೇಳಿ ಅವರು ಸುಮ್ಮನಾಗಲಿಲ್ಲ.

ನಮ್ಮಲ್ಲಿ ಮನೆ ಹೆದ್ದಾರಿಯ ಒಂದು ಮಗ್ಗುಲಿಗೆ, ಶಾಲೆ ಇನ್ನೊಂದು ಮಗ್ಗುಲಿಗೆ ಇರುವ ಊರುಗಳು ಎಷ್ಟಿಲ್ಲ! ಸದ್ಭಕ್ತರಲ್ಲಿ ನಿವೃತ್ತರಾದವರು ಸರದಿಯಂತೆ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಕೆಂಪು ಬಾವುಟ ಹಿಡಿದು ನಿಂತು ಮಕ್ಕಳನ್ನು ದಾಟಿಸಬಹುದು. ಓಣಿಯ ಮಕ್ಕಳನ್ನೆಲ್ಲ ಒಟ್ಟುಗೂಡಿಸಿ ಒಬ್ಬ ಹಿರಿಯರು ಶಾಲೆಗೆ ಕರೆದೊಯ್ಯಬಹುದು. ಶಾಲೆಯ ಬಾಗಿಲಲ್ಲೇ ಬೈಕು ನಿಲ್ಲಿಸುವವರಿಗೆ ನಯವಾಗಿ ತಿಳಿಹೇಳಬೇಕು. ಮಕ್ಕಳ ಕಣ್ಣಿಗೆ ಮರೆ ಕಟ್ಟುವವರು ಅನೇಕ ಸಲ ಹೆತ್ತವರೇ. ರಸ್ತೆ ಉಬ್ಬು ಬೇಕಾದರೆ ಗ್ರಾಮಸಭೆಯಲ್ಲಿ ಠರಾವು ಮಾಡಿ ಲೋಕೋಪಯೋಗಿ ಇಲಾಖೆಗೆ ಕಳುಹಿಸಬೇಕು. ನಾವೇ ಮಣ್ಣು ಒಟ್ಟಿದರೆ ರಾತ್ರಿ ಬೈಕ್ ಸವಾರರು ಬೀಳುತ್ತಾರೆ.

ಇಷ್ಟಾಗಿಯೂ ಅಪಘಾತವಾದರೆ, ಮಗುವನ್ನು ಎತ್ತಿ ಕೂರಿಸಬೇಡಿ, ನೀರು ಕುಡಿಸಬೇಡಿ. ಗಾಯಕ್ಕೆ ಅರಿಶಿನವನ್ನಾಗಲಿ ಕಾಫಿಪುಡಿಯನ್ನಾಗಲಿ ಮೆತ್ತಬೇಡಿ. ಆಯುರ್ವೇದ ವೈದ್ಯರಾದ ನಾವೇ ಇದನ್ನು ಹೇಳುತ್ತಿದ್ದೇವೆ. ರಕ್ತ ಸುರಿಯುವಲ್ಲಿ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು 108ಕ್ಕೆ ಕರೆ ಮಾಡಿ. ಪೊಲೀಸರ ಭಯ ಬೇಡ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯು ಸದ್ಭಾವದಿಂದ ನೆರವಾದವರಿಗೆ ರಕ್ಷಣೆ ನೀಡಿದೆ.