ಮೊದಲ ಚೊಂಬು ಸುಡುತ್ತದೆ, ಐದನೆಯದು ಹಿತವಾಗುತ್ತದೆ: ನೀರಿನ ಬಿಸಿ ಅಳೆಯಲು ಚರ್ಮವನ್ನು ನಂಬಬಹುದೇ?

ನರಕ ಚತುರ್ದಶಿಯ ಬೆಳಗಿನ ಜಾವ ಮೈಗೆಲ್ಲ ಎಣ್ಣೆ ಹಚ್ಚಿಸಿಕೊಂಡು ಬಚ್ಚಲಲ್ಲಿ ಕೂತಿದ್ದೀರಿ. ಹಂಡೆಯ ನೀರಿನ ಮೊದಲ ಚೊಂಬು ಬಿದ್ದಾಗ 'ಅಯ್ಯೋ, ಸುಡ್ತು!' ಎಂದು ಕೂಗುತ್ತೀರಿ. ಐದನೇ ಚೊಂಬಿಗೆ ಅದೇ ನೀರು ಹಿತ. ಅಷ್ಟರಲ್ಲಿ ಹಂಡೆಯ ನೀರೇನೂ ಆರಿರುವುದಿಲ್ಲ.

ಬದಲಾಗಿದ್ದು ಚರ್ಮ. ಅಲ್ಲಿರುವ ನರಗಳು 'ಎಷ್ಟು ಬಿಸಿ' ಎನ್ನುವುದಕ್ಕಿಂತ 'ಎಷ್ಟು ಬದಲಾಯಿತು' ಎಂಬುದನ್ನೇ ಮೆದುಳಿಗೆ ಜೋರಾಗಿ ಹೇಳುತ್ತವೆ. ಬೇಕಿದ್ದರೆ ನೀವೇ ಪರೀಕ್ಷಿಸಿ. ಒಂದು ಕೈಯನ್ನು ತಣ್ಣೀರಿನಲ್ಲಿ, ಇನ್ನೊಂದನ್ನು ಬೆಚ್ಚಗಿನ ನೀರಿನಲ್ಲಿ ಒಂದು ನಿಮಿಷ ಇಟ್ಟು, ಆಮೇಲೆ ಎರಡನ್ನೂ ಉಗುರುಬೆಚ್ಚಗಿನ ನೀರಿಗೆ ಹಾಕಿ. ಒಂದು ಕೈಗೆ ಬಿಸಿ, ಇನ್ನೊಂದಕ್ಕೆ ತಂಪು! 17ನೇ ಶತಮಾನದಲ್ಲೇ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಈ ವಿಚಿತ್ರದ ಬಗ್ಗೆ ಬರೆದಿದ್ದ.

ಆದರೆ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೇರೆಯದೇ ಗಂಟೆ ಬಾರಿಸುತ್ತದೆ. ನರದ ತುದಿಯಲ್ಲಿರುವ ಟಿಆರ್‌ಪಿವಿ1 ಎಂಬ ಪ್ರೋಟೀನ್ ಬಾಗಿಲು ತೆರೆದುಕೊಂಡು, ನೋವಿನ ಸಂದೇಶ ಹೊರಡುತ್ತದೆ. ಅಮೆರಿಕದ ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಇದನ್ನು ಪತ್ತೆ ಮಾಡಿದ್ದು ಮೆಣಸಿನಕಾಯಿಯ ಖಾರದ ಬೆನ್ನುಹತ್ತಿ. 2021ರ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. ಮೆಣಸಿನಕಾಯಿ ಹೆಚ್ಚಿದ ಕೈಗೆ ಬೆಚ್ಚಗಿನ ನೀರೂ ಉರಿಯುವುದು ಇದರಿಂದಲೇ.

ಈ ಗಂಟೆ ಎಲ್ಲರಲ್ಲೂ ಬಾರಿಸುವುದಿಲ್ಲ. ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಇದ್ದವರಲ್ಲಿ ಪಾದದ ನರಗಳು ದುರ್ಬಲವಾಗಿರಬಹುದು. 'ಕಾಲು ಜೋಮಾದರೆ ಬಿಸಿನೀರಿನಲ್ಲಿ ಇಡಿ' ಎಂಬ ಸಲಹೆ ವಾಟ್ಸಾಪ್‌ನಲ್ಲಿ ಬಂದಿದ್ದರೆ, ಅಂಥವರಿಗೆ ದಯವಿಟ್ಟು ಕಳಿಸಬೇಡಿ. ಸುಟ್ಟಿದ್ದು ಗೊತ್ತೇ ಆಗದೆ, ಬೊಬ್ಬೆ ಎದ್ದ ಮೇಲೆ ಕಣ್ಣಿಗೆ ಬೀಳುತ್ತದೆ. ರಕ್ತಸಂಚಾರವೂ ಕಡಿಮೆಯಿದ್ದರೆ ಆ ಗಾಯ ಬೇಗ ಮಾಯುವುದಿಲ್ಲ. 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನೂ ಸುಮಾರು 5 ಸೆಕೆಂಡಿನಲ್ಲಿ ಆಳವಾಗಿ ಸುಡಬಲ್ಲದು. ಎಳೆಮಕ್ಕಳ ಚರ್ಮ ತೆಳು, ಅವರಿಗೆ ಅಷ್ಟು ಹೊತ್ತೂ ಬೇಡ.

ಹಾಗಾಗಿ ಕಾಲು ಜೋಮು ಹಿಡಿಯುವವರು ಪಾದದಿಂದ ನೀರು ನೋಡಬಾರದು. ಬಕೆಟ್‌ಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಹಾಕಿ, ಚೆನ್ನಾಗಿ ಕಲಸಿ, ಮನೆಯ ಇನ್ನೊಬ್ಬರು ಮೊಣಕೈ ಅದ್ದಿ ನೋಡಲಿ. ಅಂಗೈಗಿಂತ ಅಲ್ಲಿನ ಚರ್ಮ ತೆಳು. ಕೂಸಿನ ಸ್ನಾನಕ್ಕಾದರೆ ಥರ್ಮಾಮೀಟರ್ ಇನ್ನೂ ಒಳ್ಳೆಯದು. 37–38 ಡಿಗ್ರಿ ಸಾಕು, ಅಜ್ಜಿಗೆ ಅದು 'ತಣ್ಣೀರು' ಅನ್ನಿಸಿದರೂ.