ಸೂಟಿಗೊಂದು ಅಗ್ಗದ ವಿಮಾನ

ದಸರಾ ಸೂಟಿಗೆ ಇನ್ನೂ ಎರಡೂವರೆ ತಿಂಗಳಿದೆ. ಆದರೆ ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯಿಂದ ಒಳಕ್ಕೆ ಹೊರಳುವ ಓಣಿಯಲ್ಲಿ, ಝೆರಾಕ್ಸ್ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ ಇರುವ ಆ ಪುಟ್ಟ ಟ್ರಾವೆಲ್ಸ್‌ನಲ್ಲಿ ಸಂಜೆ ಆರಾದರೆ ಕೂರಲು ಕುರ್ಚಿ ಸಿಗುವುದಿಲ್ಲ. ಬಸ್ಸು, ರೈಲು, ವಿಮಾನ, ಪಾಸ್‌ಪೋರ್ಟ್ ಅರ್ಜಿ ಎಂದು ನಾಲ್ಕು ಬಣ್ಣದಲ್ಲಿ ಬರೆಸಿದ ಬೋರ್ಡು. ಒಳಗೆ ಎರಡು ಕಂಪ್ಯೂಟರು, ಗೋಡೆಯ ಮೇಲೆ ಸಿದ್ಧಾರೂಢರ ಫೋಟೊ, ಅದರ ಪಕ್ಕಕ್ಕೇ ಅಂಡಮಾನಿನ ನೀಲಿ ಸಮುದ್ರದ ಪೋಸ್ಟರು. ಮಾಲೀಕರನ್ನು ಗಿರಾಕಿಗಳೆಲ್ಲ ‘ಅಣ್ಣಾರ’ ಎಂದೇ ಕರೆಯುತ್ತಾರೆ.

ಈಗ ಮುಂದಿನ ಕುರ್ಚಿಗಳಲ್ಲಿ ಕೂತಿರುವುದು ಹೈಸ್ಕೂಲು ಮಾಸ್ತರರ ಕುಟುಂಬ. ಗಂಡ, ಹೆಂಡತಿ, ಎಂಟನೆಯ ತರಗತಿಯ ಮಗಳು, ಐದನೆಯ ತರಗತಿಯ ಮಗ. ಮಕ್ಕಳು ಗೋಕರ್ಣ, ಕಾರವಾರದ ಸಮುದ್ರ ಕಂಡಿದ್ದಾರೆ, ವಿಮಾನ ಹತ್ತಿಲ್ಲ. ಈ ಸಲ ಅಂಡಮಾನಿಗೇ ಹೋಗಬೇಕೆಂದು ಮನೆಯಲ್ಲಿ ತೀರ್ಮಾನವಾಗಿದೆ. ಮಾಸ್ತರರ ಮೊಬೈಲಿನಲ್ಲಿ ಮೂರು ಆ್ಯಪ್ ತೆರೆದಿವೆ, ಮೂರರಲ್ಲೂ ಮೂರು ರೇಟು. ಮೊನ್ನೆ ರಾತ್ರಿ ಕಂಡದ್ದು ಇವತ್ತು ಇಲ್ಲ.

“ನಾವು ಮ್ಯಾಲಿಂದ ಮ್ಯಾಲೆ ನೋಡಿದ್ದಕ್ಕ ರೇಟ್ ಏರಿಸ್ತಾರೇನ್ರಿ ಅಣ್ಣಾರ?” ಮಾಸ್ತರರ ಮನೆಯವರು ಕೇಳುತ್ತಾರೆ.

“ಹಂಗೇನ್ ಇಲ್ರಿ ಅಕ್ಕಾರ. ನೀವು ನೋಡ್ಕೋತ ಕುಂತಾಗ ಮತ್ತ್ಯಾರೋ ತೊಗೊಂಡಿರ್ತಾರ. ಅದಕ್ಕ ಏರತೈತಿ.”

ಮಾತು ಸರಿ. ಒಂದೇ ವಿಮಾನದ ಒಂದೇ ಬಗೆಯ ಸೀಟುಗಳನ್ನು ಕಂಪನಿಗಳು ಹಲವು ದರದ ಹಂತಗಳಾಗಿ ಒಡೆದಿಟ್ಟಿರುತ್ತವೆ. ಒಂದೊಂದು ಹಂತಕ್ಕೆ ಒಂದೊಂದು ಇಂಗ್ಲಿಷ್ ಅಕ್ಷರ. ತೀರ ಕೆಳಗಿನ ಹಂತದಲ್ಲಿ ಸಿಗುವುದು ಕೆಲವೇ ಸೀಟು. ಅವು ಹೋದವೆಂದರೆ ಕಂಪ್ಯೂಟರು ತಾನಾಗಿ ಮೇಲಿನ ಹಂತ ತೋರಿಸುತ್ತದೆ. ಬೇಡಿಕೆ ಕುಸಿದರೆ ಕೆಳಗಿನ ಹಂತ ಮತ್ತೆ ತೆರೆಯುವುದೂ ಉಂಟು. 1978ರಲ್ಲಿ ಅಮೆರಿಕದ ಸರ್ಕಾರ ವಿಮಾನ ದರದ ಮೇಲಿನ ಹಿಡಿತ ಬಿಟ್ಟುಕೊಟ್ಟ ಮೇಲೆ ಅಲ್ಲಿನ ಕಂಪನಿಗಳು ಬೆಳೆಸಿದ ಲೆಕ್ಕಾಚಾರ ಇದು. ನಮ್ಮಲ್ಲಿ 1994ರಲ್ಲಿ ಏರ್ ಕಾರ್ಪೊರೇಷನ್ ಕಾಯ್ದೆ ರದ್ದಾದಂದಿನಿಂದ ದರ ಕಟ್ಟುವ ಕೆಲಸ ಕಂಪನಿಗಳದೇ ಆಯಿತು.

ಅಣ್ಣಾರ ಕಂಪ್ಯೂಟರನ್ನು ಮಾಸ್ತರರ ಕಡೆಗೆ ತಿರುಗಿಸುತ್ತಾರೆ. ಬೆಂಗಳೂರಿನಿಂದ ಪೋರ್ಟ್ ಬ್ಲೇರ್. 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರು ಬದಲಾದರೂ ಓಣಿಯವರ ಬಾಯಲ್ಲಿ ಇನ್ನೂ ಅದು ಪೋರ್ಟ್ ಬ್ಲೇರೇ. ನಾಲ್ಕು ಮಂದಿ ಎಂದು ಒತ್ತಿದಾಗ ಒಬ್ಬೊಬ್ಬರಿಗೆ 8,900 ರೂಪಾಯಿ. ಮೂವರು ಎಂದರೂ ಅಷ್ಟೇ. ಇಬ್ಬರು ಎಂದು ಒತ್ತಿದ ಕೂಡಲೇ 7,400 ಎಂದು ಬರುತ್ತದೆ. ಮಗಳು ಮುಂದಕ್ಕೆ ಬಾಗಿ ಪರದೆ ನೋಡುತ್ತಾಳೆ. ಕೆಳಗಿನ ಹಂತದಲ್ಲಿ ಉಳಿದಿರುವುದು ಎರಡೇ ಸೀಟು. ನಾಲ್ಕನ್ನು ಒಟ್ಟಿಗೆ ಕೇಳಿದರೆ ನಾಲ್ಕೂ ಸಿಗುವ ಹಂತದ ದರವನ್ನೇ ಎಲ್ಲರಿಗೂ ಹಾಕುತ್ತದೆ. ಎರಡೆರಡಾಗಿ ಕೊಂಡರೆ ಹೋಗುವ ದಾರಿಯೊಂದರಲ್ಲೇ 3,000 ರೂಪಾಯಿ ಉಳಿಯಿತು. ತಾಯಿಯ ಜೊತೆ ಮಗ, ತಂದೆಯ ಜೊತೆ ಮಗಳು ಎಂದು ಅಣ್ಣಾರ ಜೋಡಿ ಮಾಡುತ್ತಾರೆ. ಟಿಕೆಟ್ ಎರಡಾದರೆ ಪಿಎನ್‌ಆರ್ ಎರಡಾಗುತ್ತದೆ. ಕಂಪನಿ ಸಮಯ ಬದಲಿಸಿದಾಗ ಎರಡನ್ನೂ ಬೇರೆ ಬೇರೆ ಸರಿಪಡಿಸಿಕೊಳ್ಳಬೇಕು. ಮಕ್ಕಳನ್ನೇ ಒಂದು ಟಿಕೆಟಿನಲ್ಲಿ ಹಾಕಬಾರದು ಎಂಬುದು ಅದಕ್ಕೇ.

ಇಲ್ಲಿಯವರೆಗೆ ಬೆರಳ ತುದಿಯ ಕೆಲಸ. ದೊಡ್ಡ ಮೊತ್ತ ಉಳಿಯುವುದು ಕ್ಯಾಲೆಂಡರಿನಲ್ಲಿ.

“ಸರ, ತಾರೀಖು ಹಿಂದ ಮುಂದ ಆದ್ರ ನಡೀತೈತೇನ್ರಿ?”

“ಸಾಲಿ ಸೂಟಿ ನೋಡ್ಕೋಬೇಕಲ್ರಿ. ಹಬ್ಬ ಮುಗಿಸ್ಕೊಂಡು ಹೊಂಟು, ಮುಂದಿನ ಐತಾರ ಹೊಳ್ಳಿ ಬರೂದು ಅಂತ ಮಾಡೇವ್ರಿ.”

ಐತಾರ ಎಂದೊಡನೆ ಅಣ್ಣಾರ ತಲೆಯಾಡಿಸುತ್ತಾರೆ. ರಜೆ ಮುಗಿಯುವ ಭಾನುವಾರ ಎಲ್ಲರೂ ಊರಿಗೆ ಮರಳುವ ದಿನ. ನಮ್ಮ ದಸರೆಯ ಹೊತ್ತಿಗೇ ಬಂಗಾಳದಲ್ಲಿ ದುರ್ಗಾಪೂಜೆಯ ರಜೆ, ಬಂಗಾಳಿ ಕುಟುಂಬಗಳಿಗೆ ಅಂಡಮಾನ್ ಅಚ್ಚುಮೆಚ್ಚು. ಆ ದ್ವೀಪಗಳಿಗೆ ರೈಲಿಲ್ಲ, ರಸ್ತೆಯಿಲ್ಲ. ಹಡಗು ಹತ್ತಿದರೆ ಚೆನ್ನೈಯಿಂದ ಎರಡು ಮೂರು ದಿನದ ದಾರಿ. ಹೀಗಾಗಿ ಇರುವಷ್ಟು ವಿಮಾನಗಳ ಮೇಲೇ ಎಲ್ಲರ ಭಾರ. ಪರದೆಯ ಮೇಲೆ ತಿಂಗಳಿನ ಚೌಕಗಳು ತೆರೆಯುತ್ತವೆ. ಶುಕ್ರವಾರ, ಭಾನುವಾರಗಳಲ್ಲಿ ಕೆಂಪು ಅಂಕಿ, ಮಂಗಳವಾರ, ಬುಧವಾರಗಳಲ್ಲಿ ಹಸಿರು. ವಾಪಸು ಬರುವುದನ್ನು ಭಾನುವಾರದಿಂದ ಹಿಂದಿನ ಬುಧವಾರಕ್ಕೆ ಎಳೆದಾಗ ನಾಲ್ವರ ಲೆಕ್ಕದಲ್ಲಿ ಹತ್ತು ಸಾವಿರ ಇಳಿಯುತ್ತದೆ. ಮಾಸ್ತರರು ಹೆಂಡತಿಯ ಮುಖ ನೋಡುತ್ತಾರೆ. ಹಬ್ಬದ ಮರುದಿನದ ಬದಲು ಹಬ್ಬಕ್ಕೂ ಮುಂಚೆ ಹೊರಟರೆ? ಬನ್ನಿ ಕೊಡಲು ಈ ವರ್ಷ ಮನೆಯಲ್ಲಿ ಇರುವುದಿಲ್ಲ, ಅತ್ತೆಯವರನ್ನು ಒಪ್ಪಿಸಬೇಕು. ಅಗ್ಗದ ಟಿಕೆಟಿಗೆ ನಿಜವಾಗಿ ತೆರುವ ಬೆಲೆ ಇಂಥದ್ದು. ಅದನ್ನು ಮನೆಮಂದಿ ಕೂತು ಮಾತಾಡಿಯೇ ನಿರ್ಧರಿಸಬೇಕು, ಯಾವ ಆ್ಯಪೂ ಹೇಳಿಕೊಡುವುದಿಲ್ಲ.

ನನಗೆ ಈ ಅಂಗಡಿಯಲ್ಲಿ ಹಿಡಿಸುವುದು ಅಣ್ಣಾರ ಗಿರಾಕಿಯ ಮನೆಬಾಗಿಲಿನಿಂದಲೇ ಲೆಕ್ಕ ಹಿಡಿಯುವ ರೀತಿ. ಹುಬ್ಬಳ್ಳಿಯಿಂದಲೇ ವಿಮಾನ ಹತ್ತಿ ಬೆಂಗಳೂರಿನಲ್ಲಿ ಬದಲಿಸುವುದೊಂದು ದಾರಿ. ಧಾರವಾಡದಿಂದ ಬರುವ ವಂದೇ ಭಾರತ್ ರೈಲು ಹತ್ತಿ, ರಾತ್ರಿ ಬೆಂಗಳೂರಿನ ನೆಂಟರ ಮನೆಯಲ್ಲಿ ಉಳಿದು, ನಸುಕಿನಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೋಗುವುದು ಇನ್ನೊಂದು. ಎರಡನೆಯದು ಅಗ್ಗ ಎಂದೇ ಕಾಣುತ್ತದೆ. ಆದರೆ ನಸುಕಿನ ಟ್ಯಾಕ್ಸಿಗೆ ಎಷ್ಟಾಗುತ್ತದೆ? ಬಿಎಂಟಿಸಿಯ ವಾಯುವಜ್ರ ಬಸ್ಸು ಆ ಹೊತ್ತಿಗೆ ನೆಂಟರ ಬಡಾವಣೆಯಿಂದ ಇದೆಯೇ? ಮೊದಲನೆಯದರಲ್ಲಿ ಒಂದೇ ಟಿಕೆಟ್ ಆಗಿದ್ದರೆ, ಹುಬ್ಬಳ್ಳಿ ವಿಮಾನ ತಡವಾಗಿ ಮುಂದಿನದು ತಪ್ಪಿದರೂ ಮುಟ್ಟಿಸುವ ಹೊಣೆ ಕಂಪನಿಯದು. ಅದೇ ಎರಡು ವಿಮಾನಗಳನ್ನು ಬೇರೆ ಬೇರೆ ಟಿಕೆಟಿನಲ್ಲಿ ಕೊಂಡರೆ ಆ ಹೊಣೆ ನಮ್ಮ ತಲೆಗೇ. ಅಣ್ಣಾರ ಕಾಗದದ ಚೂರಿನ ಮೇಲೆ ಎರಡೂ ದಾರಿಗಳನ್ನು ಊಟ, ಟ್ಯಾಕ್ಸಿ, 15 ಕೆ.ಜಿ.ಗೂ ಮೀರುವ ಸಾಮಾನು ಎಲ್ಲ ಸೇರಿಸಿ ಬರೆಯುತ್ತಾರೆ. ನಾಲ್ವರಿಗೆ ರೈಲಿನ ದಾರಿಯೇ ಕಡಿಮೆಗೆ ಬರುತ್ತದೆ, ಹಿಂದಿನ ದಿನವೇ ಬೆಂಗಳೂರು ಮುಟ್ಟುವುದಾದರೆ ಮಾತ್ರ.

ಈ ಊರಿಗೆ ಅಗ್ಗದ ವಿಮಾನ ಹೊಸದಲ್ಲ. 2003ರ ಆಗಸ್ಟಿನಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರುಮಾಡಿದಾಗ ಅದರ ಮೊದಮೊದಲ ಹಾರಾಟಗಳಲ್ಲಿ ಒಂದು ಬೆಂಗಳೂರು–ಹುಬ್ಬಳ್ಳಿ ನಡುವೆಯೇ ನಡೆದದ್ದು. ರೆಕ್ಕೆಯಲ್ಲಿ ಪಂಖ ತಿರುಗುವ ಪುಟ್ಟ ಎಟಿಆರ್ ವಿಮಾನ. ಮುಂದೆ ಒಂದು ರೂಪಾಯಿಯ ಟಿಕೆಟೂ ಬಂತು. ಕೆಲವೇ ಸೀಟಿಗೆ ಇದ್ದರೂ ಆ ಒಂದು ರೂಪಾಯಿ ಊರೂರಿನ ಮಾತಾಯಿತು. ಕಂಪನಿ 2008ರಲ್ಲಿ ಕಿಂಗ್‌ಫಿಶರ್ ಜೊತೆ ಸೇರಿಹೋಯಿತು, ಕಿಂಗ್‌ಫಿಶರ್ ಹಾರಾಟ 2012ರಲ್ಲಿ ನಿಂತಿತು. ಆದರೆ ಗುಮಾಸ್ತರು, ಮಾಸ್ತರರು, ರೈತರು ವಿಮಾನ ಹತ್ತಬಹುದು ಎಂಬ ಧೈರ್ಯ ಉಳಿಯಿತು. ಆ ಧೈರ್ಯವನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ. ಈ ಮಾಸ್ತರರ ಮಗ ಪೋಸ್ಟರಿನ ಸಮುದ್ರಕ್ಕೆ ಮೂಗು ತಾಗಿಸಿ ನಿಂತಿರುವುದೇ ಅದರ ಬಲದ ಮೇಲೆ.

ಹಿಂದಿನ ಕುರ್ಚಿಯಲ್ಲಿ ನವಲಗುಂದ ಕಡೆಯ ಅಜ್ಜ, ಅಜ್ಜಿ. ಅಜ್ಜನ ಧೋತರ ಗರಿಗರಿ, ಅಜ್ಜಿಯದು ಇಳಕಲ್ ಸೀರೆ. ಕಾಶಿಗೆ ಹೊರಟಿದ್ದಾರೆ. ರೈಲಿನಲ್ಲಿ ಹಿರಿಯ ನಾಗರಿಕರಿಗೆ ಇದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿದೆ. ವಿಮಾನದಲ್ಲಿ ಕೆಲವು ಕಂಪನಿಗಳು ಹಿರಿಯರಿಗೆ ಮೂಲ ದರದಲ್ಲಿ ರಿಯಾಯಿತಿ ಕೊಡುತ್ತವೆ, ಆದರೆ ಹುಡುಕುವಾಗಲೇ ಆ ಗುರುತು ಹಾಕಬೇಕು. ಹಾಕಿ ನೋಡಿದಮೇಲೆ ಸಾಮಾನ್ಯ ದರದ ಜೊತೆ ಹೋಲಿಸಲೂಬೇಕು, ಯಾಕೆಂದರೆ ಒಮ್ಮೊಮ್ಮೆ ಸಾಮಾನ್ಯ ದರವೇ ಕಡಿಮೆ ಇರುತ್ತದೆ. ಅಣ್ಣಾರ ಆಧಾರ್ ಕಾರ್ಡು ಇಸಿದುಕೊಂಡು ಅಜ್ಜಿಯ ಹೆಸರನ್ನು ಒಂದೊಂದೇ ಅಕ್ಷರ ಗಟ್ಟಿಯಾಗಿ ಓದುತ್ತಾ ಒತ್ತುತ್ತಾರೆ. ಹೆಸರು, ಗಂಡನ ಹೆಸರು, ಅಡ್ಡಹೆಸರು ಎಂದು ಮೂರು ತುಂಡು. ಒಂದು ತುಂಡು ತಪ್ಪಿದರೆ ವಿಮಾನ ನಿಲ್ದಾಣದ ಬಾಗಿಲಲ್ಲೇ ತಕರಾರು. “ಗಾಲಿ ಕುರ್ಚಿ ಬೇಕು ಅಂತ ಹಾಕ್ಲೇನಬೇ?” ಎನ್ನುತ್ತಾರೆ. “ಬ್ಯಾಡೋ ಯಪ್ಪಾ, ಕಾಲು ಗಟ್ಟಿ ಅದಾವ” ಎನ್ನುತ್ತದೆ ಅಜ್ಜಿ.

ಅಷ್ಟರಲ್ಲಿ ಬಂದ ಮೂವರು ಹುಡುಗರಿಗೆ ದಿಲ್ಲಿಗೆ ಟಿಕೆಟ್ ಬೇಕು, ಗೋವಾದಿಂದ ಅಗ್ಗ ಸಿಕ್ಕಿದೆಯಂತೆ. ಹುಬ್ಬಳ್ಳಿಯವರಿಗೆ ಬೆಳಗಾವಿ, ಗೋವಾ ಎರಡೂ ಕೈಗೆಟುಕುವಷ್ಟು ಹತ್ತಿರ, ನೋಡಿದ್ದು ಒಳ್ಳೆಯದೇ. ಆದರೆ ಗೋವಾದಲ್ಲಿ ಈಗ ಎರಡು ವಿಮಾನ ನಿಲ್ದಾಣ. ದಕ್ಷಿಣಕ್ಕೆ ಹಳೆಯ ದಾಬೋಲಿಂ, ಉತ್ತರದ ತುದಿಯಲ್ಲಿ 2023ರ ಜನವರಿಯಿಂದ ನಡೆಯುತ್ತಿರುವ ಮೋಪಾ. ಒಂದಕ್ಕೆ ಟಿಕೆಟ್ ಮಾಡಿ ಇನ್ನೊಂದಕ್ಕೆ ಹೋದರೆ ವಿಮಾನ ಕೈತಪ್ಪಿದಂತೆಯೇ. ಹುಡುಗರು ಮೊಬೈಲ್ ತೆಗೆದು ನೋಡುತ್ತಾರೆ. ಅವರು ಆರಿಸಿದ್ದು ಮೋಪಾ, ಬಸ್ಸು ನೋಡಿದ್ದು ವಾಸ್ಕೋಗೆ.

ಮಾಸ್ತರರ ಟಿಕೆಟಿನ ಕೊನೆಯ ಪುಟ ತೆರೆದಿದೆ. ಕೊನೆಯ ಪುಟವನ್ನು ಅಣ್ಣಾರ ನಿಧಾನಕ್ಕೆ ಓದಿಸುತ್ತಾರೆ. ವಿಮೆ, ಸೀಟಿನ ಆಯ್ಕೆ, ಊಟ, ಅದಕ್ಕೊಂದು ಸೇವಾ ಶುಲ್ಕ. ಕೇಳದೆಯೇ ಗುರುತು ಬಿದ್ದಿದ್ದರೆ ತೆಗೆಯಬೇಕು. ಗ್ರಾಹಕರ ಒಪ್ಪಿಗೆಯಿಲ್ಲದೆ ಹೀಗೆ ಹೆಚ್ಚುವರಿ ಬಾಬತ್ತು ಸೇರಿಸುವುದನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲೇ ನಿಷೇಧಿಸಿದೆ.

ಅದರ ಕೆಳಗೆ ದರದ ವಿವರ. ಮೂಲ ದರ, ಬಳಕೆದಾರರ ಅಭಿವೃದ್ಧಿ ಶುಲ್ಕ, ಭದ್ರತಾ ಶುಲ್ಕ, ಎಕಾನಮಿ ದರ್ಜೆಗೆ ಶೇ 5ರ ಜಿಎಸ್‌ಟಿ. ಓದುಗರು ಈ ನಾಲ್ಕು ಸಾಲನ್ನು ನೆನಪಿಟ್ಟುಕೊಳ್ಳಬೇಕು. ಹಣ ವಾಪಸಿಲ್ಲ ಎಂದು ದಪ್ಪ ಅಕ್ಷರದಲ್ಲಿ ಬರೆದ ಅಗ್ಗದ ಟಿಕೆಟ್ ಆದರೂ, ನೀವು ಅದನ್ನು ರದ್ದು ಮಾಡಿದರೆ ಅಥವಾ ಹೋಗಲಾಗದೆ ಉಳಿದರೆ, ಸರ್ಕಾರದ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕಗಳನ್ನು ಕಂಪನಿ ಹಿಂದಿರುಗಿಸಲೇಬೇಕು ಎಂಬುದು ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮ. ಏಜೆಂಟರಿಂದ ಕೊಂಡಿದ್ದರೂ ಹೊಣೆ ಕಂಪನಿಯದೇ. ಎಷ್ಟೋ ಮನೆಗಳಲ್ಲಿ ಜ್ವರವೋ ಸಾವೋ ಪ್ರವಾಸವನ್ನು ತಪ್ಪಿಸಿದಾಗ, ಟಿಕೆಟ್ ಹೋಯಿತೆಂದು ಜನ ಕೈಚೆಲ್ಲಿ ಕೂರುತ್ತಾರೆ. ಹಾಗೆ ಬಿಡಬೇಡಿ. ಕಂಪನಿಗೆ ಬರೆಯಿರಿ, ಅಲ್ಲಿ ಉತ್ತರ ಬರದಿದ್ದರೆ ಕೇಂದ್ರ ಸರ್ಕಾರದ ಏರ್‌ಸೇವಾದಲ್ಲಿ ದೂರು ದಾಖಲಿಸಿ. ಅದು ನಿಮ್ಮ ಹಣ.