ಪುಟ್ಟ ದೋಣಿಯ ವೇಗ ಮತ್ತು ಸಮತೋಲ

1898ರಲ್ಲಿ ನಿಕೋಲ ಟೆಸ್ಲಾ ನ್ಯೂಯಾರ್ಕಿನಲ್ಲಿ ಪುಟ್ಟ ದೋಣಿಯೊಂದನ್ನು ರೇಡಿಯೋ ಅಲೆಗಳಿಂದಲೇ ನಡೆಸಿ ತೋರಿಸಿದನು. ಅಂದಿನ ಆ ವಿಸ್ಮಯ ಇಂದು ಆಟಿಕೆಯ ಅಂಗಡಿಯಲ್ಲಿ ದೊರೆಯುತ್ತದೆ. ಕೊಂಡವರಿಗೆ ಹುಟ್ಟುವ ಮೊದಲ ಆಸೆ ಅದರ ವೇಗವನ್ನು ಹೆಚ್ಚಿಸುವುದು. ಒಡನೆಯೇ ದೊಡ್ಡ ಮೋಟಾರು, ದೊಡ್ಡ ಬ್ಯಾಟರಿ ಕೂಡಿಸುತ್ತಾರೆ. ದೋಣಿ ಮೂತಿಯೆತ್ತಿ ಓಡಿ, ಮೊದಲ ತಿರುವಿನಲ್ಲೇ ಮಗುಚುತ್ತದೆ.

ಹೀಗೇಕಾಗುತ್ತದೆ? ಚಲಿಸುವ ದೋಣಿ ಅಲೆಯನ್ನು ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆಯೂ ನೀಳವಾಗುತ್ತದೆ. ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮವಾದಾಗ, ದೋಣಿ ತಾನೇ ಎಬ್ಬಿಸಿದ ಏರನ್ನು ತಾನೇ ಹತ್ತಬೇಕಾಗುತ್ತದೆ. 64 ಸೆಂಟಿಮೀಟರ್ ಉದ್ದದ ದೋಣಿಗೆ ಈ ಎಲ್ಲೆ ಸೆಕೆಂಡಿಗೆ ಸುಮಾರು 1 ಮೀಟರ್. ಉದ್ದ ನಾಲ್ಮಡಿಯಾದರೆ ಎಲ್ಲೆ ಇಮ್ಮಡಿಯಾಗುತ್ತದೆ. ಈ ಬಗೆಯ ಸಂಬಂಧಗಳನ್ನು 1870ರ ದಶಕದಲ್ಲಿ ಇಂಗ್ಲೆಂಡಿನ ವಿಲಿಯಂ ಫ್ರೂಡ್ ನೀರಿನ ತೊಟ್ಟಿಯಲ್ಲಿ ಮಾದರಿಗಳನ್ನು ಎಳೆದು ಅಳೆದನು.

ಈ ಎಲ್ಲೆಯನ್ನು ದಾಟಬೇಕಾದರೆ ದೋಣಿ ನೀರನ್ನು ಸೀಳುವುದನ್ನು ಬಿಟ್ಟು ನೀರಿನ ಮೇಲೇರಿ ಜಾರಬೇಕು. ಅದಕ್ಕೆ ತಳದ ಹಿಂಭಾಗ ನೇರವಾಗಿರಬೇಕು; ಕೊನೆಯ ಅಂಚು ಚೂಪಾಗಿರಬೇಕು. ಅಂಚು ದುಂಡಾಗಿದ್ದರೆ ನೀರು ಅದಕ್ಕಂಟಿಕೊಂಡು ದೋಣಿಯ ಹಿಂಭಾಗವನ್ನು ಕೆಳಕ್ಕೆ ಸೆಳೆಯುತ್ತದೆ. ಭಾರವನ್ನು ಇಳಿಸುವುದೇ ಮೋಟಾರು ಬದಲಿಸುವುದಕ್ಕಿಂತ ಮೊದಲ ಕೆಲಸ. ಪಿಲ್ಲಗುಂಪೆಯ ಕೈಗಾರಿಕಾ ಪ್ರದೇಶದಲ್ಲಿ ಯಂತ್ರಗಳೊಡನೆ ದುಡಿಯುವವರಿಗೆ ಇನ್ನೊಂದು ಮಾತು ಹೇಳಬೇಕಾಗಿಲ್ಲ: ಡೊಂಕಾದ ದಂಡ ವೇಗವಾಗಿ ತಿರುಗಿದಷ್ಟೂ ಶಕ್ತಿಯನ್ನು ನಡುಕದಲ್ಲಿ ಪೋಲು ಮಾಡುತ್ತದೆ.

ಸಮತೋಲದ ಗುಟ್ಟು ಬ್ಯಾಟರಿಯಲ್ಲಿದೆ. ಅದು ತಳಕ್ಕೆ ತಾಗಿ ಮಲಗಿರಬೇಕು. ಜಾರುವ ದೋಣಿಯಲ್ಲಿ ಒಟ್ಟು ಭಾರದ ಕೇಂದ್ರ ಹಿಂದಿನಿಂದ ಸುಮಾರು ಮೂರನೆಯ ಒಂದು ಭಾಗದಲ್ಲಿದ್ದರೆ ಒಳಿತು. ಇನ್ನೂ ಹಿಂದಾದರೆ ಮೂತಿ ಕುಣಿಯುತ್ತದೆ. ತೀರ ಮುಂದಾದರೆ ನೀರಿಗೆ ನಾಟುತ್ತದೆ. ಒಂದೇ ಪ್ರೊಪೆಲರ್ ಇದ್ದರೆ ಅದು ತಿರುಗುವ ದಿಕ್ಕಿಗೆ ವಿರುದ್ಧವಾಗಿ ದೋಣಿ ವಾಲುತ್ತದೆ. ಬ್ಯಾಟರಿಯನ್ನು ಎತ್ತರವಾದ ಬದಿಗೆ ಸ್ವಲ್ಪ ಸರಿಸಿದರೆ ಸಾಕು. ಒಳಗೆ ಸೇರಿದ ನೀರು ವಾಲಿದ ಕಡೆಗೇ ಹರಿದು ವಾಲುವಿಕೆಯನ್ನು ಹೆಚ್ಚಿಸುವುದರಿಂದ ಖಾಲಿ ಜಾಗಕ್ಕೆ ಥರ್ಮೋಕೋಲ್ ತುಂಬಬೇಕು. ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಗೊತ್ತಾದ ದೂರವನ್ನು ಕ್ರಮಿಸುವ ಕಾಲವನ್ನು ಅಳೆದರೆ ಯಾವುದು ಫಲಿಸಿತೆಂದು ತಿಳಿಯುತ್ತದೆ.

ಗಾಳಿಯಿಲ್ಲದ ಬೆಳಗು ಪರೀಕ್ಷೆಗೆ ತಕ್ಕ ಹೊತ್ತು. ಹೊಸಕೋಟೆಯಂತಹ ದೊಡ್ಡ ಕೆರೆಗಿಂತ ಮೊಣಕಾಲುದ್ದದ ತೊಟ್ಟಿ ಲೇಸು. ಕೆರೆಯ ನಡುವೆ ನಿಂತುಹೋದ ದೋಣಿಯನ್ನು ತರಲು ಮಕ್ಕಳು ನೀರಿಗಿಳಿಯುವಂತಾಗಬಾರದು. ಕೆರೆಯ ಹೂಳು ಆಳವನ್ನು ಮುಚ್ಚಿಡುತ್ತದೆ. ದೋಣಿಗೆ ಮೀನಿನ ಗಾಳದ ದಾರ ಕಟ್ಟಿಟ್ಟರೆ ದಡದಿಂದಲೇ ಎಳೆದುಕೊಳ್ಳಬಹುದು.

2019ರ ಜನವರಿಯಲ್ಲಿ ಕಾರವಾರದ ಬಳಿ, ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಹಲವರು ಪ್ರಾಣ ಕಳೆದುಕೊಂಡರು. ಆಟಿಕೆಗೊಂದು, ಜನರನ್ನು ಹೊರುವ ದೋಣಿಗೊಂದು ಎಂದು ನೀರು ಬೇರೆ ಬೇರೆ ನಿಯಮಗಳನ್ನು ಇಟ್ಟುಕೊಂಡಿಲ್ಲ. ಭಾರ ಎಷ್ಟಿದೆ, ಎಷ್ಟು ಎತ್ತರದಲ್ಲಿದೆ, ಯಾವ ಬದಿಯಲ್ಲಿದೆ ಎಂಬುದನ್ನೇ ಅದು ಎರಡಕ್ಕೂ ಕೇಳುತ್ತದೆ. ತೊಟ್ಟಿಯ ಬದಿಯಲ್ಲಿ ಬ್ಯಾಟರಿಯನ್ನು ಸರಿಸಿ ನೋಡಿದ ಹುಡುಗ, ನಾಳೆ ನಿಜವಾದ ದೋಣಿ ಹತ್ತಿದಾಗ ಎದ್ದು ನಿಲ್ಲುವ ಮುನ್ನ ಒಂದು ಕ್ಷಣ ಯೋಚಿಸುತ್ತಾನೆ.